ಆನಿಯನ್ ವಿಳಾಸ ತೆರೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗುಂಪಿಗೆ ಬಂದ ಡಾಟ್ ಆನಿಯನ್ ಲಿಂಕನ್ನು (ಟಾರ್ ಎಂಬ ಗೋಪ್ಯ ಜಾಲದೊಳಗೆ ಮಾತ್ರ ತೆರೆಯುವ ತಾಣದ ವಿಳಾಸವನ್ನು) ದಯವಿಟ್ಟು ನೇರವಾಗಿ ಒತ್ತಬೇಡಿ. ಅದು ಮಾಮೂಲಿ ಬ್ರೌಸರ್‌ಗೆ ಹೋಗುತ್ತದೆ. ಪುಟವಂತೂ ತೆರೆಯುವುದಿಲ್ಲ, ಮೇಲಾಗಿ ನೀವು ಹುಡುಕಿದ ವಿಳಾಸ ಇಂಟರ್ನೆಟ್ ಕೊಡುವ ಕಂಪನಿಗೆ ತಿಳಿದುಬಿಡಬಹುದು. ಕಾಪಿ ಮಾಡಿ, ಆ ಜಾಲಕ್ಕೆಂದೇ ಇರುವ ಟಾರ್ ಬ್ರೌಸರ್‌ನಲ್ಲೇ ಹಾಕಿ. ಐಫೋನ್‌ನವರಿಗೆ ಆನಿಯನ್ ಬ್ರೌಸರ್ ಆ್ಯಪ್ ಇದೆ.

ಡಾಟ್‌ಗೆ ಮುಂಚೆ ಸರಿಯಾಗಿ 56 ಅಕ್ಷರ ಇರಬೇಕು. ಇಂಗ್ಲಿಷ್ ಅಕ್ಷರಗಳು ಮತ್ತು 2ರಿಂದ 7ರವರೆಗಿನ ಅಂಕಿಗಳು ಮಾತ್ರ. 0, 1, 8, 9 ಬರುವುದೇ ಇಲ್ಲ. ಕೊನೆಯ ಅಕ್ಷರ ಯಾವಾಗಲೂ ‘ಡಿ’. 16 ಅಕ್ಷರದ ಹಳೇ ವಿಳಾಸಗಳು 2021ರಲ್ಲೇ ನಿಂತವು. ಕೈತಪ್ಪಿ ಒಂದಕ್ಷರ ಬದಲಾದರೆ ಬ್ರೌಸರೇ ತಡೆಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ನಿಜವಾದ ಅಪಾಯವೆಂದರೆ ಮೊದಲ ಐದಾರು ಅಕ್ಷರ ಅಸಲಿಯಂತೆಯೇ ಇರುವ ನಕಲಿ ವಿಳಾಸ. ಅದನ್ನು ತಯಾರಿಸುವುದು ಕಷ್ಟವಲ್ಲ. ಹಾಗಾಗಿ ನಡುವಿನ ಅಕ್ಷರಗಳನ್ನೂ ತಾಳೆ ನೋಡಿ.

ಇದಕ್ಕಿಂತ ಭದ್ರವಾದ ದಾರಿ: ಪ್ರೊಪಬ್ಲಿಕಾದಂಥ ಸುದ್ದಿತಾಣದ ಮಾಮೂಲಿ ವಿಳಾಸವನ್ನೇ ಕಂಪ್ಯೂಟರಿನ ಟಾರ್ ಬ್ರೌಸರ್‌ನಲ್ಲಿ ತೆರೆಯಿರಿ. ಮೇಲೆ ವಿಳಾಸ ಬರೆಯುವ ಜಾಗದಲ್ಲಿ ನೇರಳೆ ಬಣ್ಣದ ಆನಿಯನ್ ಗುಂಡಿ ಕಾಣುತ್ತದೆ, ಒತ್ತಿದರೆ ಆಯಿತು. ಹೀಗೆ ಹೋದಾಗ ಸಂಪರ್ಕ ಟಾರ್ ಜಾಲದಿಂದ ಹೊರಗೇ ಬರುವುದಿಲ್ಲ, ಆದ್ದರಿಂದ ಕೊನೆಯ ಗಂಟಿನಲ್ಲಿ (ಸಂಪರ್ಕವನ್ನು ಹೊರಗೆ ದಾಟಿಸುವ ಕಂಪ್ಯೂಟರಿನಲ್ಲಿ) ಕೂತು ಇಣುಕಲು ಯಾರಿಗೂ ಜಾಗವಿಲ್ಲ. ಆದರೆ ನಿಮ್ಮ ಖಾತೆಗೆ ಲಾಗಿನ್ ಆದಿರೋ, ನೀವು ಯಾರೆಂದು ತಾಣಕ್ಕೆ ಗೊತ್ತಾಗಿಯೇ ಆಗುತ್ತದೆ.

ಎರಡೂ ಕಡೆಯಿಂದ ಹಲವು ಗಂಟುಗಳನ್ನು ದಾಟಬೇಕಾದ್ದರಿಂದ ಪುಟ ನಿಧಾನ. ಅರ್ಧ ನಿಮಿಷ ಕಾಯಿರಿ. ಯಾವ ಆನಿಯನ್ ತಾಣವೂ ತೆರೆಯದಿದ್ದರೆ ಮೊದಲು ಫೋನಿನ ದಿನಾಂಕ, ಸಮಯ, ಟೈಮ್ ಝೋನ್ ನೋಡಿ. ಗಡಿಯಾರ ತಪ್ಪಿದ್ದರೆ ಟಾರ್ ಕೈಕೊಡುತ್ತದೆ. ಟಾರ್‌ಗೇ ಸಂಪರ್ಕ ಸಿಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಸ್ನೋಫ್ಲೇಕ್ ಬ್ರಿಡ್ಜ್ (ತಡೆಯನ್ನು ದಾಟಿ ಟಾರ್ ತಲುಪುವ ಬಳಸುದಾರಿ) ಆರಿಸಿ.