ಚಳಿಗಾಲದ ಹಾರಾಟದ ಹೊಸ ನಿಯಮ, ಹೀಟಿಂಗ್ ಶುಲ್ಕ: ನಮ್ಮ ಸದಸ್ಯರಿಗೆ ಮತ್ತು ಗ್ರಾಹಕರಿಗೆ

ಆತ್ಮೀಯರೇ, ನಮಸ್ಕಾರ.

ಸಂಘದಿಂದ ಬಾಡಿಗೆಗೆ ಕೊಡುವ ಸಣ್ಣ ವಿಮಾನಗಳ ಬಗ್ಗೆ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದನ್ನು ಇಲ್ಲಿ ಇನ್ನೊಮ್ಮೆ ಹೇಳುತ್ತೇವೆ. ರಾತ್ರಿಯ ತಾಪಮಾನ ಮೈನಸ್ 7 ಡಿಗ್ರಿಗಿಂತ ಕೆಳಗಿಳಿದರೆ, ಇಂಜಿನ್ ಪೂರ್ತಿ ಬಿಸಿಯಾಗುವ ತನಕ ವಿಮಾನದ ಕೀ ಕೊಡುವುದಿಲ್ಲ. ಆ ಹೀಟಿಂಗ್‌ಗೆ ಗಂಟೆಯ ಬಾಡಿಗೆ ಬಿಟ್ಟು ಬೇರೆ ಶುಲ್ಕ ಇರುತ್ತದೆ. ಹಗಲಲ್ಲೂ ಮೈನಸ್ 25ಕ್ಕಿಂತ ಕೆಳಗಿದ್ದರೆ ಹಾರಾಟವೇ ಇಲ್ಲ. ಇನ್ನು ವಾಯುಭಾರ (ಗಾಳಿಯ ಒತ್ತಡ) 1050 ಹೆಕ್ಟೋಪ್ಯಾಸ್ಕಲ್ ದಾಟಿದ ದಿನ, ತಾಪಮಾನ ಎಷ್ಟೇ ಇರಲಿ, ಒಂದು ಸರ್ಕ್ಯೂಟ್‌ಗೂ, ಅಂದರೆ ರನ್‌ವೇ ಸುತ್ತ ಒಂದು ಸುತ್ತಿಗೂ, ವಿಮಾನ ಹೊರಡುವುದಿಲ್ಲ.

ಇದರಿಂದ ಹಲವರ ಬೆಳಗಿನ ಬುಕಿಂಗ್ ಕೈತಪ್ಪಿದೆ. ಕೆಲಸಕ್ಕೆ ರಜೆ ಹಾಕಿ ಬಂದವರು ಹಾರದೆ ವಾಪಸ್ ಹೋಗಿದ್ದೀರಿ. ಅದಕ್ಕೆ ಮನಸಾರೆ ಕ್ಷಮೆ ಕೇಳುತ್ತೇವೆ. ಆದರೆ ನಿಯಮ ಸಡಿಲ ಮಾಡುವುದಿಲ್ಲ.

ಕೌಂಟರ್‌ನಲ್ಲಿ, ಫೋನಿನಲ್ಲಿ, ಹ್ಯಾಂಗರ್ ಬಾಗಿಲಲ್ಲಿ ನಾವು ಕೇಳುತ್ತಿರುವ ಮಾತು ಒಂದೇ. “ಆಕಾಶ ಇಷ್ಟು ತಿಳಿಯಾಗಿದೆ. ಎಲೆ ಅಲ್ಲಾಡುವಷ್ಟೂ ಗಾಳಿ ಇಲ್ಲ. ಇಂಥ ದಿನ ಹಾರದೆ ಇನ್ಯಾವತ್ತು ಹಾರೋದು?”

ನಿಮ್ಮ ಮಾತಿನಲ್ಲಿ ಅರ್ಧ ನಿಜ. ಸಮುದ್ರ ಮಟ್ಟದ ರನ್‌ವೇಯಲ್ಲಿ ಮೈನಸ್ 25 ಡಿಗ್ರಿ, ವಾಯುಭಾರ 1045 ಇದ್ದರೆ, ಅಲ್ಲಿನ ಗಾಳಿ, ಪೈಲಟ್‌ಗಳು ಹೋಲಿಕೆಗೆ ಬಳಸುವ 15 ಡಿಗ್ರಿಯ ಸ್ಟ್ಯಾಂಡರ್ಡ್ ದಿನಕ್ಕಿಂತ ಸುಮಾರು 20% ದಟ್ಟವಾಗಿರುತ್ತದೆ. ರೆಕ್ಕೆಗೂ ಪ್ರೊಪೆಲ್ಲರ್‌ಗೂ ಅದು ಹಬ್ಬ. ವಿಮಾನ ಬೇಗ ಮೇಲೇಳುತ್ತದೆ, ಜೋರಾಗಿ ಏರುತ್ತದೆ. ಆ ಖುಷಿ ನಮಗೂ ಗೊತ್ತು. ಆದರೆ ಅದೇ ಗಾಳಿ ಇಂಜಿನ್ನಿನ ಒಳಗೂ ಹೋಗುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೆ ಇಂಜಿನ್ ತನ್ನ ನಿಗದಿತ ಶಕ್ತಿಗಿಂತ ಸುಮಾರು 10% ಜಾಸ್ತಿ ಕೊಡಬಹುದು. ಕಾರ್ಬ್ಯುರೇಟರ್ ಇರುವ ಇಂಜಿನ್‌ಗಳಲ್ಲಿ ಗಾಳಿಯ ಲೆಕ್ಕಕ್ಕೆ ಸರಿಯಾಗಿ ಪೆಟ್ರೋಲ್ ಬರುವುದಿಲ್ಲ. ಮಿಕ್ಸ್ಚರ್ ಫುಲ್ ರಿಚ್‌ನಲ್ಲಿದ್ದರೂ, ಅಂದರೆ ಅತಿ ಹೆಚ್ಚು ಪೆಟ್ರೋಲ್ ಬಿಡುವ ಸ್ಥಾನದಲ್ಲಿದ್ದರೂ, ಒಳಗೆ ಲೀನ್ ಆಗಿರುತ್ತದೆ (ಪೆಟ್ರೋಲ್ ಕಡಿಮೆ ಇರುತ್ತದೆ). ಪೈಲಟ್‌ಗೆ ಇದು ಕಾಣುವುದಿಲ್ಲ. ಸಿಲಿಂಡರ್ ತೆಗೆದು ನೋಡುವ ನಮ್ಮ ಮೆಕ್ಯಾನಿಕ್‌ಗೆ ಕಾಣುತ್ತದೆ.

ಇನ್ನು ಎತ್ತರ ತೋರಿಸುವ ಆಲ್ಟಿಮೀಟರ್. ಅದು ನಿಜವಾಗಿ ಅಳೆಯುವುದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ಒತ್ತಡ ಸೆಟ್ ಮಾಡುವ ಪುಟ್ಟ ಕಿಟಕಿಯ ಅಂಕೆ ಸಾಮಾನ್ಯವಾಗಿ ಪಾದರಸದ 31.00 ಇಂಚಿಗೆ, ಅಂದರೆ ಸುಮಾರು 1050 ಹೆಕ್ಟೋಪ್ಯಾಸ್ಕಲ್‌ಗೆ ನಿಂತುಬಿಡುತ್ತದೆ. ಹೊರಗೆ 1060 ಇದ್ದರೂ ಅದರಾಚೆ ತಿರುಗಿಸಲು ಬರುವುದಿಲ್ಲ. ಒಂದು ಹೆಕ್ಟೋಪ್ಯಾಸ್ಕಲ್‌ಗೆ ಸುಮಾರು 27 ಅಡಿ ಅಂತ ಲೆಕ್ಕ ಹಾಕಿ: ಮೀಟರ್ 270 ಅಡಿ ಕಡಿಮೆ ತೋರಿಸುತ್ತದೆ. ಚಳಿಯ ತಪ್ಪು ಇದಕ್ಕೆ ಉಲ್ಟಾ. ತಣ್ಣನೆ ಗಾಳಿಯಲ್ಲಿ ಒತ್ತಡದ ಪದರಗಳು ಒತ್ತೊತ್ತಾಗಿ ಇರುವುದರಿಂದ, ನೀವು ನಿಜವಾಗಿ ಇರುವುದಕ್ಕಿಂತ ಎತ್ತರದಲ್ಲಿದ್ದೀರಿ ಅಂತ ಮೀಟರ್ ಹೇಳುತ್ತದೆ. ಮೈನಸ್ 30 ಡಿಗ್ರಿಯಲ್ಲಿ ವಿಮಾನ ನಿಲ್ದಾಣಕ್ಕಿಂತ 1000 ಅಡಿ ಮೇಲೆ ಈ ತಪ್ಪು 190 ಅಡಿ. 3000 ಅಡಿ ಮೇಲೆ 570 ಅಡಿ. ಇದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಕೊಡುವ ಕೋಷ್ಟಕದ ಲೆಕ್ಕ, ನಮ್ಮ ಊಹೆ ಅಲ್ಲ.

“ಒಂದು ಕಡಿಮೆ, ಇನ್ನೊಂದು ಜಾಸ್ತಿ, ಎರಡೂ ವಜಾ ಆಗುತ್ತಲ್ವಾ?” ಅಂತ ಅನುಭವಿ ಪೈಲಟ್‌ಗಳೇ ವಾದ ಮಾಡಿದ್ದಾರೆ. ಆಗುವುದಿಲ್ಲ. ಒತ್ತಡದ ತಪ್ಪು ಎಲ್ಲ ಎತ್ತರದಲ್ಲೂ ಹೆಚ್ಚುಕಮ್ಮಿ ಒಂದೇ. ಚಳಿಯ ತಪ್ಪು ನೆಲದಲ್ಲಿ ಸೊನ್ನೆ, ಮೇಲೆ ಹೋದಷ್ಟೂ ಬೆಳೆಯುತ್ತದೆ. ಎರಡೂ ಒಟ್ಟಿಗೆ ಇರುವ ದಿನ, ರನ್‌ವೇ ಮೇಲೆ ನಿಂತಿರುವಾಗ ನೀವು ನೆಲದೊಳಗಿದ್ದೀರಿ ಅಂತ ಮೀಟರ್ ತೋರಿಸುತ್ತದೆ. 3000 ಅಡಿಗೆ ಹೋದರೆ ನೀವು ಅಂದುಕೊಂಡದ್ದಕ್ಕಿಂತ ಸುಮಾರು 300 ಅಡಿ ಕೆಳಗಿರುತ್ತೀರಿ. ನಡುವೆ ಎಲ್ಲೋ ಒಂದು ಎತ್ತರದಲ್ಲಿ ಮಾತ್ರ ಮೀಟರ್ ಸರಿ. ಇಂಥ ಮೀಟರ್ ಇಟ್ಟುಕೊಂಡು ಗುಡ್ಡದ ಮೇಲೆ ಹಾರಿ ಅಂತ ನಾವು ಹೇಗೆ ಹೇಳೋಣ?

ಇಷ್ಟು ವಾಯುಭಾರ ಅಪರೂಪ, ನಿಜ. ಆದರೆ ಬರುವುದೇ ಇಲ್ಲ ಅಂತಲ್ಲ. 1989ರ ಜನವರಿ 31ರಂದು ಅಲಾಸ್ಕಾದ ನಾರ್ತ್‌ವೇಯಲ್ಲಿ 31.85 ಇಂಚು, ಅಂದರೆ ಸುಮಾರು 1079 ಹೆಕ್ಟೋಪ್ಯಾಸ್ಕಲ್ ದಾಖಲಾಯಿತು. ಮೀಟರ್ ಅಷ್ಟು ದೂರ ಹೋಗದ ಕಾರಣ ಆ ದಿನಗಳಲ್ಲಿ ಅಲ್ಲಿ ವಿಮಾನಗಳು ನೆಲದಲ್ಲೇ ಉಳಿದವು.

ತಿಳಿ ಆಕಾಶದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಬೆಳಿಗ್ಗೆ ರೆಕ್ಕೆಯ ಮೇಲೆ ಹಿಮ ಕೂತಿರುತ್ತದೆ. ಉಪ್ಪುಕಾಗದದಷ್ಟು ಒರಟಾದ ತೆಳು ಪದರವೇ ವಿಮಾನವನ್ನು ಎತ್ತುವ ಲಿಫ್ಟ್ ಅನ್ನು 30% ಇಳಿಸಿ, ಹಿಂದಕ್ಕೆಳೆಯುವ ಡ್ರ್ಯಾಗ್ ಅನ್ನು 40% ಏರಿಸಬಲ್ಲದು. ಅದನ್ನು ಪೂರ್ತಿ ತೆಗೆಯದೆ ಯಾರೂ ಹೊರಡಬಾರದು. “ಸ್ವಲ್ಪ ಇದೆ, ಓಡುವಾಗ ಹಾರಿಹೋಗುತ್ತೆ” ಅನ್ನುವ ಮಾತನ್ನು ನಮ್ಮ ಅಂಗಳದಲ್ಲಿ ಕೇಳಲು ಇಷ್ಟವಿಲ್ಲ.

ಈಗ ಶುಲ್ಕದ ವಿಷಯ. “ಹೀಟಿಂಗ್ ಹೆಸರಲ್ಲಿ ದುಡ್ಡು ಮಾಡುತ್ತಿದ್ದೀರಿ” ಅನ್ನುವ ಮಾತು ನಮಗೆ ನೋವು ಕೊಟ್ಟಿದೆ. ಮೈನಸ್ 7 ನಾವು ಸುಮ್ನೆ ಹುಟ್ಟಿಸಿದ ಅಂಕೆ ಅಲ್ಲ. ಇಂಜಿನ್ ತಯಾರಿಸುವ ಕಾಂಟಿನೆಂಟಲ್ ಕಂಪನಿ ತನ್ನ ಇಂಜಿನ್‌ಗಳಿಗೆ ಆ ಮಟ್ಟದಿಂದಲೇ ಪ್ರೀಹೀಟ್ (ಸ್ಟಾರ್ಟ್‌ಗೆ ಮೊದಲು ಬಿಸಿ ಮಾಡುವುದು) ಬೇಕು ಅನ್ನುತ್ತದೆ. ಇನ್ನೊಂದು ಇಂಜಿನ್ ಕಂಪನಿ ಲೈಕಮಿಂಗ್ ತನ್ನ ಹೆಚ್ಚಿನ ಮಾಡೆಲ್‌ಗಳಿಗೆ ಮೈನಸ್ 12 ಅನ್ನುತ್ತದೆ. ನಮ್ಮಲ್ಲಿ ಎರಡೂ ಇವೆ, ಹಾಗಾಗಿ ಕಟ್ಟುನಿಟ್ಟಾದದ್ದನ್ನೇ ಹಿಡಿದಿದ್ದೇವೆ. ಚಳಿಯಲ್ಲಿ ಇಂಜಿನ್ನಿನ ಹೊರಕವಚವಾದ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್, ಒಳಗೆ ತಿರುಗುವ ಉಕ್ಕಿನ ಕ್ರ್ಯಾಂಕ್‌ಶಾಫ್ಟ್‌ಗಿಂತ ಜಾಸ್ತಿ ಕುಗ್ಗುತ್ತದೆ. ಬೇರಿಂಗ್‌ನ ಸಂದು ಕಿರಿದಾಗುತ್ತದೆ. ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗುವುದರಿಂದ ಸರಿಯಾಗಿ ಹರಿಯುವುದಿಲ್ಲ. ಹತ್ತು ನಿಮಿಷ ಬಿಸಿಗಾಳಿ ಊದಿದರೆ ಸಿಲಿಂಡರ್ ಬೆಚ್ಚಗಾಗುತ್ತದೆ, ಇಂಜಿನ್ ಸ್ಟಾರ್ಟೂ ಆಗುತ್ತದೆ. ಆದರೆ ಸಂಪ್ (ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ), ಆಯಿಲ್ ಕೂಲರ್, ಪೈಪುಗಳು ಇನ್ನೂ ತಣ್ಣಗೇ ಇರುತ್ತವೆ. ಅಂಥ ಸ್ಟಾರ್ಟ್ ಇಂಜಿನ್ನಿನ ಆಯಸ್ಸು ತಿನ್ನುತ್ತದೆ. ಅದಕ್ಕೇ ಗಂಟೆಗಟ್ಟಲೆ ನಿಧಾನವಾಗಿ ಬಿಸಿ ಮಾಡುತ್ತೇವೆ.

ಅದಕ್ಕೆ ಕರೆಂಟ್ ಬೇಕು, ಇಂಜಿನ್‌ಗೆ ಹೊದಿಸುವ ಕವರ್ ಬೇಕು, ಬೆಳಕು ಹರಿಯುವ ಮೊದಲೇ ಬಂದು ನೋಡುವ ಮನುಷ್ಯ ಬೇಕು. ಮೈನಸ್ 18ರಲ್ಲಿ ಬ್ಯಾಟರಿಯ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದನ್ನೂ ಬೆಚ್ಚಗಿಡಬೇಕು. ಇಂಜಿನ್ನಿನ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್‌ನ ತುದಿಯಲ್ಲಿ ಮಂಜುಗಡ್ಡೆ ಕಟ್ಟಿದರೆ ಒಳಗೆ ಒತ್ತಡ ಏರಿ, ಆಯಿಲ್ ತಡೆಯುವ ಮುಂಭಾಗದ ಸೀಲ್ ಕಿತ್ತುಬಂದು ಆಯಿಲ್ ಪೂರ್ತಿ ಸೋರಿಹೋಗಬಹುದು. ಕ್ಯಾಬಿನ್‌ಗೆ ಬರುವ ಬಿಸಿ ಎಕ್ಸಾಸ್ಟ್ ಸುತ್ತ ಹಾದು ಬರುವ ಗಾಳಿ. ಮಫ್ಲರ್‌ನಲ್ಲಿ ಒಂದು ಬಿರುಕು ಇದ್ದರೆ ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಇವೆರಡನ್ನೂ ಚಳಿಗಾಲದಲ್ಲಿ ಮತ್ತೆ ಮತ್ತೆ ಪರೀಕ್ಷಿಸುತ್ತೇವೆ. ಆ ಪರೀಕ್ಷೆಗಳ ಖರ್ಚು ಹೀಟಿಂಗ್ ಶುಲ್ಕದಲ್ಲಿ ಇಲ್ಲ, ಸಂಘವೇ ಹೊತ್ತುಕೊಂಡಿದೆ. ಶುಲ್ಕದಲ್ಲಿ ಲಾಭ ಅಂತ ಒಂದು ಪೈಸೆ ಇಟ್ಟಿಲ್ಲ. ಬಾಡಿಗೆಯಲ್ಲೇ ಸೇರಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬೇಸಿಗೆಯಲ್ಲಿ ಮಾತ್ರ ಹಾರುವವರು ಚಳಿಗಾಲದ ಖರ್ಚು ಯಾಕೆ ಕೊಡಬೇಕು? ಲೆಕ್ಕದ ಪುಸ್ತಕ ಆಫೀಸಿನಲ್ಲಿದೆ, ಯಾರು ಬೇಕಾದರೂ ಬಂದು ನೋಡಬಹುದು.

ನಮ್ಮ ಇಂಜಿನ್‌ಗಳನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಅನ್ನುವುದು ನಿಮಗೆ ಗೊತ್ತು. ನಿಮ್ಮ ಮಕ್ಕಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹಾರುವುದು ಇದೇ ವಿಮಾನಗಳಲ್ಲಿ. ನಾವೂ ನಮ್ಮ ಮನೆಯವರನ್ನು ಇವುಗಳಲ್ಲೇ ಕರೆದುಕೊಂಡು ಹೋಗುತ್ತೇವೆ.

ಚಳಿ ಅಥವಾ ವಾಯುಭಾರದ ಕಾರಣಕ್ಕೆ ನಾವು ರದ್ದು ಮಾಡಿದ ಬುಕಿಂಗ್‌ನ ಹಣ ಪೂರ್ತಿ ವಾಪಸ್ ಬರುತ್ತದೆ, ಇಲ್ಲವೇ ನಿಮಗೆ ಬೇಕಾದ ಇನ್ನೊಂದು ದಿನಕ್ಕೆ ಬದಲಾಗುತ್ತದೆ. ಹಿಂದಿನ ಸಂಜೆಯೇ ಮುನ್ಸೂಚನೆ ನೋಡಿ ನಿಮಗೆ ಫೋನ್ ಮಾಡುತ್ತೇವೆ. ಬೆಳಗಿನ ಬುಕಿಂಗ್ ಇರುವವರು ಬರುತ್ತೀರೋ ಇಲ್ಲವೋ ಅಂತ ಆ ಹೊತ್ತಿಗೇ ಹೇಳಿದರೆ, ನೀವು ಬರುವಷ್ಟರಲ್ಲಿ ಇಂಜಿನ್ ಸಿದ್ಧವಾಗಿರುತ್ತದೆ.

ನಿಮ್ಮ,
ಆಡಳಿತ ಮಂಡಳಿ ಮತ್ತು ಹ್ಯಾಂಗರ್ ಸಿಬ್ಬಂದಿ