ಬಂಧ ಮುರಿದರೆ ಶಕ್ತಿ ಬರುತ್ತದೆಯೇ?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಊಟದಿಂದ ಮೈಗೆ ಶಕ್ತಿ ಸಿಗುವುದು ಹೇಗೆ ಎಂಬ ಲೇಖನ ಬಂದಿತ್ತು. ಸರಳವಾಗಿ ಬರೆದಿದ್ದಾರೆ, ಚಿತ್ರವೂ ಚೆನ್ನಾಗಿದೆ. ಆದರೆ ಗ್ಲುಕೋಸ್‌ನ ಬಂಧಗಳು, ಅಂದರೆ ಪರಮಾಣುಗಳನ್ನು ಜೋಡಿಸಿಟ್ಟಿರುವ ಕೊಂಡಿಗಳು, ಮುರಿದಾಗ ಒಳಗಿದ್ದ ಶಕ್ತಿ ಹೊರಬರುತ್ತದೆ ಎಂದಿರುವುದು ತಪ್ಪು. ಗಂಟು ಬಿಚ್ಚಿದರೆ ದುಡ್ಡು ಉದುರಿದ ಹಾಗೆ ಶಕ್ತಿ ಉದುರುವುದಿಲ್ಲ. ಯಾವ ರಾಸಾಯನಿಕ ಬಂಧ ಮುರಿಯುವುದಕ್ಕೂ ಶಕ್ತಿ ಹಾಕಲೇಬೇಕು. ಹೊಸ ಬಂಧ ಕೂಡಿದಾಗ ಮಾತ್ರ ಶಕ್ತಿ ಸಿಗುತ್ತದೆ.

ಲೇಖಕರನ್ನು ದೂರಿ ಪ್ರಯೋಜನವಿಲ್ಲ. ಪಿಯು ತರಗತಿಯಲ್ಲೇ ಈ ಎಡವಟ್ಟು ಇದೆ. ಆಮ್ಲಜನಕದ ಅಣು ಬಿಡಿಸಲು ಮೋಲ್‌ಗೆ (ಅಣುಗಳನ್ನು ಎಣಿಸುವ ಅಳತೆ) 498 ಕಿಲೋಜೂಲ್ ಬೇಕು ಎಂದು ನಾನು ಪಾಠ ಮಾಡಿ ಹೊರಬರುತ್ತೇನೆ. ಮುಂದಿನ ಪೀರಿಯಡ್ ಜೀವಶಾಸ್ತ್ರ. ಅಲ್ಲಿ ಜೀವಕೋಶ ತನ್ನ ಕೆಲಸಗಳಿಗೆ ಬಳಸುವ ಎಟಿಪಿ ಎಂಬ ಅಣುವಿನ ಬಂಧ ಮುರಿದು ಶಕ್ತಿ ಬರುತ್ತದೆ! 'ಮೇಡಂ, ಕೆಮಿಸ್ಟ್ರಿ ಪೇಪರ್‌ಗೆ ಹೀಗೆ, ಬಯಾಲಜಿಗೆ ಹಾಗೆ ಬರೆಯೋದು ಅಲ್ವಾ?' ಎಂದು ಮಕ್ಕಳೇ ಕೇಳುತ್ತಾರೆ. ಎರಡಕ್ಕೂ ಮಾರ್ಕ್ಸ್ ಬರುತ್ತದೆ, ಬಿಡಿ.

ನಿಜಕ್ಕೂ ಆಗುವುದು ಇಷ್ಟು. ಉಸಿರಾಡಿದ ಆಮ್ಲಜನಕದಲ್ಲಿ ಬಂಧ ಅಷ್ಟೊಂದು ಬಿಗಿ ಇಲ್ಲ. ಅದೇ ಆಮ್ಲಜನಕ ಇಂಗಾಲ, ಜಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರು ಆದಾಗ ಬಂಧಗಳು ಬಹಳ ಬಿಗಿ. ಹಳೆಯದನ್ನು ಮುರಿಯಲು ಹಾಕಿದ್ದಕ್ಕಿಂತ ಹೊಸದು ಕೂಡಿದಾಗ ಸಿಗುವುದು ಜಾಸ್ತಿ. 180 ಗ್ರಾಂ ಗ್ಲುಕೋಸ್‌ಗೆ ಈ ಉಳಿಕೆ ಸುಮಾರು 2800 ಕಿಲೋಜೂಲ್. ದೇಹ ಇದನ್ನು ಒಂದೇ ಸಲ ಉರಿಸಿಬಿಡುವುದಿಲ್ಲ. ಕಿಣ್ವಗಳು ಹಂತ ಹಂತವಾಗಿ ಕೆಲಸ ಮಾಡಿ ಒಂದು ಪಾಲನ್ನು ಎಟಿಪಿ ಮಾಡಲು ಬಳಸುತ್ತವೆ, ಉಳಿದದ್ದು ಮೈ ಬಿಸಿಯಾಗುತ್ತದೆ. ಆದರೂ ಊಟದ ಶಕ್ತಿ ಎಂದು ಸುಮ್ನೆ ಅನ್ನದ ಹೆಸರು ಹೇಳುತ್ತೇವೆ, ಉಸಿರನ್ನು ಮರೆಯುತ್ತೇವೆ. ಜೋರಾಗಿ ಓಡುವಾಗ ಆಮ್ಲಜನಕ ಸಾಲದ ಸ್ನಾಯುವಿನಲ್ಲಿ ಗ್ಲುಕೋಸ್ ಲ್ಯಾಕ್ಟೇಟ್ ಆಗಿ ನಿಂತರೆ ಒಂದು ಅಣುವಿಗೆ ಸಿಗುವ ಲಾಭ ಎರಡೇ ಎಟಿಪಿ. ಆಮ್ಲಜನಕ ಸಿಕ್ಕರೆ ಸುಮಾರು ಮೂವತ್ತು.

ಎಟಿಪಿಯ ಲೆಕ್ಕವೂ ಹೀಗೆಯೇ. ಅದರ ಮೂರು ಫಾಸ್ಫೇಟ್‌ಗಳಿಗೂ ಋಣ ವಿದ್ಯುದಂಶವಿದೆ, ಒಂದನ್ನೊಂದು ತಳ್ಳುತ್ತಿರುತ್ತವೆ. ನೀರು ಸೇರಿ ಕೊನೆಯದು ಬೇರೆಯಾದಾಗ ಹುಟ್ಟುವ ವಸ್ತುಗಳು ಹೆಚ್ಚು ಸ್ಥಿರ. ಮೋಲ್‌ಗೆ ಸುಮಾರು 30 ಕಿಲೋಜೂಲ್ ಸಿಗುವುದು ಈ ಇಡೀ ಕ್ರಿಯೆಯಿಂದ. 1941ರಲ್ಲಿ ಜೀವರಸಾಯನ ವಿಜ್ಞಾನಿ ಫ್ರಿಟ್ಜ್ ಲಿಪ್‌ಮನ್ ಈ ಫಾಸ್ಫೇಟ್ ಬಂಧಕ್ಕೆ ಅಂಕುಡೊಂಕು ಗೆರೆ ಎಳೆದು 'ಶಕ್ತಿಭರಿತ' ಎಂದರು. ಬಲ್ಲವರಿಗೆ ಅದೊಂದು ಗುರುತು. ನಮ್ಮ ಗೈಡ್‌ಗಳಲ್ಲಿ ಮಾತ್ರ ಅದು ಶಕ್ತಿಯ ಡಬ್ಬಿಯಾಗಿ ಕೂತಿದೆ.

ಪರೀಕ್ಷೆ ಹತ್ತಿರ ಬಂತು, ಮಕ್ಕಳು ನಿಮ್ಮ ಪುಟವನ್ನು ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ವಾರ ಅದೇ ಜಾಗದಲ್ಲಿ ಒಂದು ತಿದ್ದುಪಡಿ ಹಾಕಿ.

– ರಸಾಯನಶಾಸ್ತ್ರ ಉಪನ್ಯಾಸಕಿ, ಹಾಸನ