ಎಷ್ಟನೆಯ ವಾರಕ್ಕೆ ಹುಟ್ಟಿದ ಮಗು? ಶಾಲೆಯೂ ಕೇಳಲಿ

ಮಾನ್ಯ ಸಂಪಾದಕರೇ,

ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕೆ, ಕೆಲವು ತಿಂಗಳ ರಿಯಾಯಿತಿ ಇರಬೇಕೆ ಎಂಬ ವಾದ ನಮ್ಮ ರಾಜ್ಯದಲ್ಲಿ ಕೆಲವು ವರ್ಷಗಳಿಂದ ನಡೆದಿದೆ. ಇಷ್ಟೆಲ್ಲ ಚರ್ಚೆಯಲ್ಲಿ ಹುಟ್ಟಿದ ದಿನಾಂಕದ ಮಾತು ಬಂತೇ ಹೊರತು, ಮಗು ಗರ್ಭದ ಎಷ್ಟನೆಯ ವಾರಕ್ಕೆ ಹುಟ್ಟಿತು ಎಂಬ ಪ್ರಶ್ನೆ ಎದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನಾನೂ ಆ ಪ್ರಶ್ನೆ ಕೇಳಿದವಳಲ್ಲ.

ನಿವೃತ್ತಿಗೆ ಎರಡು ವರ್ಷವಿದ್ದಾಗ ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪದ್ಯವನ್ನು ರಾಗವಾಗಿ ಓದುತ್ತಿದ್ದ; ಆದರೆ ಕೂಡುವ ಲೆಕ್ಕದಲ್ಲಿ ದಶಕವನ್ನು ಮರೆಯುತ್ತಿದ್ದ, ಹಲಗೆಯ ಮೇಲಿನ ಮೂರು ಸಾಲು ಬರೆದುಕೊಳ್ಳುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು, ‘ಪುಸ್ತಕ ತೆಗಿ, ಹನ್ನೆರಡನೆಯ ಪುಟ ನೋಡು, ಎರಡನೆಯ ಲೆಕ್ಕ ಮಾಡು’ ಎಂದರೆ ಪುಸ್ತಕ ತೆಗೆದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಪ್ರಗತಿಪತ್ರದಲ್ಲಿ ‘ಗಮನ ಕೊಡುವುದಿಲ್ಲ’ ಎಂದು ಬರೆದವಳು ನಾನೇ. ಅವನು ಏಳು ತಿಂಗಳಿಗೇ ಹುಟ್ಟಿದವನು, ಒಂದು ತಿಂಗಳು ಆಸ್ಪತ್ರೆಯ ಬೆಚ್ಚನೆಯ ‘ಪೆಟ್ಟಿಗೆ’ಯಲ್ಲಿದ್ದ ಎಂದು ಅವನ ತಾಯಿ ಯಾವುದೋ ಮಾತಿನ ನಡುವೆ ಹೇಳಿದ್ದು ವರ್ಷ ಮುಗಿಯಲು ಎರಡು ತಿಂಗಳಿದ್ದಾಗ.

‘ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದು ಉಳಿಯದು’ ಎಂದು ಹಿರಿಯರು ಹೇಳುವುದುಂಟು. ಮಿದುಳಿನ ಮಟ್ಟಿಗಂತೂ ಈ ಮಾತು ತಲೆಕೆಳಗು. ಗರ್ಭದ ಕೊನೆಯ ಮೂರು ತಿಂಗಳಲ್ಲೇ, ಅಲ್ಲಿಯವರೆಗೆ ಬಹುಪಾಲು ನುಣುಪಾಗಿದ್ದ ಮಿದುಳಿನ ಹೊರಪದರ ಮಡಿಕೆ ಮಡಿಕೆಯಾಗುತ್ತ ಹೋಗುತ್ತದೆ; 35ನೆಯ ವಾರದಲ್ಲಿಯೂ ಮಿದುಳಿನ ಒಟ್ಟು ತೂಕ ದಿನ ತುಂಬಿದ ಮಗುವಿನ ಮಿದುಳಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ. ನರತಂತುಗಳಿಗೆ ಹೊದಿಕೆ ಕಟ್ಟಬೇಕಾದ ಕೋಶಗಳು 32ನೆಯ ವಾರಕ್ಕೆ ಮೊದಲು ಇನ್ನೂ ಎಳಸಾಗಿರುವುದರಿಂದ, ಆಮ್ಲಜನಕದ ಕೊರತೆಯನ್ನಾಗಲಿ ಸೋಂಕನ್ನಾಗಲಿ ಸುಲಭವಾಗಿ ತಾಳಲಾರವು. ಸ್ಕ್ಯಾನಿಂಗ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲವೆಂದ ಮಾತ್ರಕ್ಕೆ ಮಿದುಳಿನ ಭಾಗಗಳ ನಡುವಿನ ಸಂಪರ್ಕವೆಲ್ಲ ಎಂದಿನಂತೆಯೇ ಬೆಳೆದಿದೆ ಎನ್ನುವಂತಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬಹಳ ಬೇಗ ಹುಟ್ಟಿದ ಮಕ್ಕಳ ಬುದ್ಧಿಮಾಪನದ ಅಂಕ ಸರಾಸರಿಯಲ್ಲಿ 11ರಿಂದ 13ರಷ್ಟು ಕಡಿಮೆಯಿರುವುದು ಕಂಡಿದೆ. ಇದು ಸರಾಸರಿಯ ಮಾತು; ಓರಗೆಯವರಿಗೆ ಸರಿಸಮನಾಗಿ ಓದುವವರು ಅನೇಕರಿದ್ದಾರೆ. ಹೆಚ್ಚಾಗಿ ತೊಡಕಾಗುವುದು ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ ಮುಂದಿನ ಕೆಲಸ ಮಾಡುವುದರಲ್ಲಿ, ವೇಗದಲ್ಲಿ, ಗಮನದಲ್ಲಿ ಮತ್ತು ಇವೆಲ್ಲ ಒಟ್ಟಿಗೆ ಬೇಕಾಗುವ ಗಣಿತದಲ್ಲಿ. ಇಂಥ ಮಕ್ಕಳಲ್ಲಿ ಹಲವರು ಗಲಾಟೆ ಮಾಡುವವರಲ್ಲವಾದ್ದರಿಂದ ಶಿಕ್ಷಕರ ಕಣ್ಣಿಗೆ ಬೀಳುವುದೂ ಕಡಿಮೆ.

2020ರಲ್ಲಿ ಭಾರತದಲ್ಲಿ ಸುಮಾರು 30 ಲಕ್ಷ ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟಿದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರನ್ನು ಉಳಿಸುವುದರಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. ಕೊಪ್ಪಳದಂಥ ಜಿಲ್ಲೆಯಲ್ಲಿ, ಶಿಶುವನ್ನು ತಾಯಿಯ ಎದೆಗೆ ಅಪ್ಪಿಸಿಟ್ಟು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಕೆಲಸ ನಡೆದಿದೆ. 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆ ಇಂಥ ಶಿಶುಗಳ ಕಣ್ಣಿನ ಅಕ್ಷಿಪಟಲದ ತಪಾಸಣೆಯನ್ನು ಜಿಲ್ಲೆ ಜಿಲ್ಲೆಗೆ ಕೊಂಡೊಯ್ದಿತು. ಕಣ್ಣಿಗೆ ಸಿಕ್ಕ ಈ ಕಾಳಜಿ ಕಲಿಕೆಗೆ ಸಿಕ್ಕಿಲ್ಲ. ಬೆಳವಣಿಗೆಯನ್ನು ಅಳೆಯುವಾಗ ವೈದ್ಯರು ಬೇಗ ಹುಟ್ಟಿದ ವಾರಗಳನ್ನು ವಯಸ್ಸಿನಿಂದ ಕಳೆಯುತ್ತಾರೆ. ಸಾಮಾನ್ಯವಾಗಿ ಎರಡು ವರ್ಷಕ್ಕೆ ಆ ಲೆಕ್ಕವೂ ನಿಂತು, ತಾಯಿ ಕಾರ್ಡ್ ಟ್ರಂಕಿನ ತಳ ಸೇರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಶಾಲೆಗೆ ಒಂದು ಬಾರಿ ಬರಬೇಕು. ಆದರೆ ನೂರಾರು ಮಕ್ಕಳನ್ನು ನೋಡಿ ಮುಗಿಸಬೇಕಾದ ದಿನ, ಯಾವ ಮಗುವಿನ ಬಳಿ ಐದು ನಿಮಿಷ ಹೆಚ್ಚು ಕೂರಬೇಕು ಎಂದು ಅವರಿಗೆ ತಿಳಿಯುವುದಾದರೂ ಹೇಗೆ?

ಮೂರನೆಯ ತರಗತಿಯವರೆಗೆ ಸರ್ಕಾರಿ ಶಾಲೆಯ ನಲಿ-ಕಲಿ ಪದ್ಧತಿ ಇಂಥ ಮಕ್ಕಳನ್ನು ಕಾಯುತ್ತದೆ ಎಂಬುದು ನನ್ನ ಅನುಭವ. ಅಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತದೆ. ನಾಲ್ಕಕ್ಕೆ ಬಂದೊಡನೆ ಎಲ್ಲರಿಗೂ ಒಂದೇ ಪಾಠ, ಒಂದೇ ಓಟ. ಬಿರುಕು ಕಾಣುವುದು ಅಲ್ಲಿಯೇ. ವಿಷಯ ತಿಳಿದ ಮೇಲೆ ನಾನು ಆ ಹುಡುಗನಿಗೆ ಮಾಡಿದ್ದು ದೊಡ್ಡದೇನಲ್ಲ: ಚೌಕುಳಿ ಹಾಳೆ ಕೊಟ್ಟೆ, ಒಂದು ಸಲಕ್ಕೆ ಒಂದೇ ಸೂಚನೆ ಹೇಳಿದೆ, ಹಲಗೆಯಿಂದ ಬರೆದುಕೊಳ್ಳುವುದನ್ನು ತಪ್ಪಿಸಿದೆ. ಉಳಿದ ಎರಡು ತಿಂಗಳಲ್ಲಿ ಅವನು ದಶಕ ಬಿಡುವುದು ಕಡಿಮೆಯಾಯಿತು.

ಆದ್ದರಿಂದ ಅಂಗನವಾಡಿ ಮತ್ತು ಶಾಲೆಯ ದಾಖಲಾತಿ ನಮೂನೆಯಲ್ಲಿ, ಪೋಷಕರು ಒಪ್ಪಿದರೆ ಮಾತ್ರ ತುಂಬುವಂತೆ, ಗರ್ಭದ ವಾರ ಮತ್ತು ಜನನ ತೂಕಕ್ಕೆ ಒಂದು ಅಂಕಣವಿರಲಿ ಎಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ. ‘ಬುದ್ಧಿ ಕಡಿಮೆ’ ಎಂಬ ಹಣೆಪಟ್ಟಿ ಅಂಟಿಸಲು ಅದೇ ನೆಪವಾದೀತೆಂಬ ಅಳುಕು ನನಗೂ ಇದೆ. ಅದಕ್ಕೇ ಆ ಮಾಹಿತಿ ತರಗತಿ ಶಿಕ್ಷಕರು ಮತ್ತು ಆರೋಗ್ಯ ತಂಡದ ಆಚೆಗೆ ಹೋಗಬಾರದು. ಅದನ್ನು ಹೇಗೆ ಬಳಸಬೇಕೆಂದು ಶಿಕ್ಷಕರ ತರಬೇತಿಯಲ್ಲಿ ಅರ್ಧ ದಿನವಾದರೂ ಹೇಳಿಕೊಡಬೇಕು.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು